ಕಲ್ಚರ್ ಬೆಳೆಯುತ್ತಿಲ್ಲ: ತಡವೋ, ವೇಗವೋ, ಇಳುವರಿಯೋ?

ಪೋಷಕ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಬೆಳೆಸುವ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಕೋಶಗಳೇ ಕಲ್ಚರ್. ಪ್ರಯೋಗಾಲಯದಲ್ಲಿ "ಕಲ್ಚರ್ ಬೆಳೆದಿಲ್ಲ" ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ಕೋಶಗಳು ವಿಭಜನೆ ಶುರುಮಾಡುವುದಕ್ಕೇ ತಡವಾಗಿರಬಹುದು. ಶುರುವಾದ ಮೇಲೂ ನಿಧಾನವಾಗಿ ಬೆಳೆಯುತ್ತಿರಬಹುದು. ಇಲ್ಲವೇ ಸರಿಯಾದ ವೇಗದಲ್ಲೇ ಬೆಳೆದು ಅರ್ಧಕ್ಕೆ ನಿಂತುಬಿಟ್ಟಿರಬಹುದು. ಮೊದಲನೆಯದು ಲ್ಯಾಗ್ ಹಂತದ ಅವಧಿಗೆ ಸಂಬಂಧಿಸಿದ್ದು, ಎರಡನೆಯದು ಬೆಳವಣಿಗೆ ದರಕ್ಕೆ, ಮೂರನೆಯದು ಇಳುವರಿಗೆ. ಮೂರರ ಕಾರಣಗಳೂ ಬೇರೆ, ಪರಿಹಾರಗಳೂ ಬೇರೆ. ಇಳುವರಿ ಕಡಿಮೆ ಇರುವ ಕಲ್ಚರ್‌ಗೆ ಇನಾಕ್ಯುಲಂ, ಅಂದರೆ ಶುರುವಿಗೆ ಹಾಕುವ ಕೋಶಗಳನ್ನು, ಹೆಚ್ಚಿಸಿದರೆ ಅದು ಅದೇ ಮಟ್ಟದಲ್ಲಿ ಇನ್ನಷ್ಟು ಬೇಗ ನಿಲ್ಲುತ್ತದೆ, ಅಷ್ಟೆ. ಲ್ಯಾಗ್ ಉದ್ದವಾಗಿರುವ ಕಲ್ಚರ್‌ಗೆ ಗ್ಲುಕೋಸ್ ಸುರಿದರೂ ಪ್ರಯೋಜನವಿಲ್ಲ. ಹಾಗಾಗಿ ಮೀಡಿಯಂ ಚೆಲ್ಲಿ ಹೊಸದು ಮಾಡುವ ಮುನ್ನ ಕೆಟ್ಟಿರುವುದು ಈ ಮೂರರಲ್ಲಿ ಯಾವುದು ಎಂದು ತಿಳಿಯಬೇಕು.

ಇಲ್ಲಿನ ಅಂಕಿಗಳು ಹೆಚ್ಚಾಗಿ ಇ. ಕೋಲೈ ಬ್ಯಾಕ್ಟೀರಿಯಾದ ನಿರಪಾಯಕಾರಿ ಪ್ರಯೋಗಾಲಯ ತಳಿಗಳಿಗೆ ಮತ್ತು ಸ್ಯಾಕರೊಮೈಸಿಸ್ ಯೀಸ್ಟ್‌ಗೆ ಸಂಬಂಧಿಸಿದವು. ಬೇರೆ ಜೀವಿಗಳಿಗೆ ಸಂಖ್ಯೆ ಬದಲಾದರೂ ಪರೀಕ್ಷೆಯ ಕ್ರಮ ಇದೇ.

ಕೈ ಹಾಕುವ ಮೊದಲು

ಫ್ಲಾಸ್ಕ್‌ನಲ್ಲಿ ಏನು ಬೆಳೆದಿದೆ ಎಂಬ ಅನುಮಾನ ಹುಟ್ಟಿದ ಕ್ಷಣದಿಂದ ಅದನ್ನು ರೋಗಕಾರಕವೆಂದೇ ಭಾವಿಸಿ. ಮುಚ್ಚಳ ತೆರೆದು ಮೂಸಬೇಡಿ. ಶಿಲೀಂಧ್ರ ಕಂಡ ಪ್ಲೇಟನ್ನು ಮೇಜಿನ ಮೇಲೆ ತೆರೆಯಬೇಡಿ, ಬೀಜಕಗಳು ಇಡೀ ಕೋಣೆಗೆ ಹರಡುತ್ತವೆ. ಸಕ್ಕರೆ ಇರುವ ಮೀಡಿಯಂನಲ್ಲಿ ಯೀಸ್ಟ್ ಬೆಳೆಸುವಾಗ ಬಾಟಲಿಯ ಮುಚ್ಚಳ ಬಿಗಿದಿಡಬಾರದು, ಇಂಗಾಲದ ಡೈಆಕ್ಸೈಡ್‌ನ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಆಟೋಕ್ಲೇವ್‌ಗೆ, ಅಂದರೆ ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪೆಟ್ಟಿಗೆಗೆ, ಇಡುವ ಬಾಟಲಿಯ ಮುಚ್ಚಳವೂ ಸಡಿಲವಾಗಿರಲಿ. ಹೊರತೆಗೆದ ದ್ರವವನ್ನು ತಕ್ಷಣ ಅಲುಗಾಡಿಸಬೇಡಿ, ಅತಿಯಾಗಿ ಕಾದ ಅಗಾರ್ (ಪ್ಲೇಟಿನ ಮೀಡಿಯಂ ಗಟ್ಟಿಯಾಗಿಸುವ ಜೆಲ್) ಒಮ್ಮೆಲೇ ಉಕ್ಕಿ ಕೈ ಸುಡುತ್ತದೆ.

ಚೆಲ್ಲಿದ ಕಲ್ಚರ್‌ಗೆ ಸುಮಾರು ಶೇ. 0.5ರಷ್ಟು ಹೈಪೋಕ್ಲೋರೈಟ್ ಇರುವ ದ್ರಾವಣ ಸಾಕು. ಶೇ. 5ರ ಬ್ಲೀಚ್ ಇದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಅಂದಂದೇ ತಯಾರಿಸಿ, ಕನಿಷ್ಠ 20 ನಿಮಿಷ ಬಿಡಿ. ಬ್ಲೀಚ್ ಬಿದ್ದ ಯಾವುದನ್ನೂ ಆಟೋಕ್ಲೇವ್ ಮಾಡಬೇಡಿ, ಆಮ್ಲದ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಹೊರಬರುತ್ತದೆ. ಅಮೋನಿಯಂ ಲವಣವಿರುವ ಮೀಡಿಯಂಗೆ ಬ್ಲೀಚ್ ಸುರಿದರೆ ಕ್ಲೋರಮೈನ್ ಹುಟ್ಟುತ್ತದೆ. ಅಂಥ ಕಲ್ಚರ್‌ಗಳನ್ನು ಆಟೋಕ್ಲೇವ್‌ನಲ್ಲೇ ನಾಶಮಾಡುವುದು ಕ್ಷೇಮ.

ಮೊದಲ ಪರೀಕ್ಷೆ: ಬೆಳವಣಿಗೆಯ ರೇಖೆ ಬರೆಯಿರಿ

ಇದಕ್ಕೆ ಖರ್ಚಿಲ್ಲ, ಅರ್ಧ ದಿನ ಬೇಕು. ತಾಜಾ ಕಲ್ಚರನ್ನು ಹೊಸ ಮೀಡಿಯಂಗೆ ನೂರಕ್ಕೆ ಒಂದರಂತೆ ಸೇರಿಸಿ, ಪ್ರತಿ 20 ನಿಮಿಷಕ್ಕೊಮ್ಮೆ 600 ನ್ಯಾನೊಮೀಟರ್‌ನಲ್ಲಿ ಆಪ್ಟಿಕಲ್ ಡೆನ್ಸಿಟಿ, ಅಂದರೆ ಓಡಿ, ಅಳೆಯಿರಿ. ಲಂಬ ಅಕ್ಷ ಲಾಗರಿದಮ್ ಪ್ರಮಾಣದಲ್ಲಿರಲಿ. ಸಾಮಾನ್ಯ ಅಕ್ಷದಲ್ಲಿ ಎಲ್ಲ ಕಲ್ಚರ್‌ಗಳೂ ಮೊದಮೊದಲು ಸತ್ತಂತೆಯೇ ಕಾಣುತ್ತವೆ.

ರೇಖೆ ಮೇಲೇರದೆ ಮಲಗಿರುವ ಭಾಗ ಲ್ಯಾಗ್ ಹಂತ. ಈ ಹೊತ್ತಿನಲ್ಲಿ ಕೋಶಗಳು ಸುಮ್ಮನೆ ಕೂತಿರುವುದಿಲ್ಲ. ಹೊಸ ಪರಿಸರಕ್ಕೆ ಬೇಕಾದ ಕಿಣ್ವಗಳನ್ನೂ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳನ್ನೂ ಕಟ್ಟಿಕೊಳ್ಳುತ್ತಿರುತ್ತವೆ. ನೇರವಾಗಿ ಏರುವ ಭಾಗ ಘಾತೀಯ ಹಂತ. ಇದರ ಇಳಿಜಾರೇ ನಿರ್ದಿಷ್ಟ ಬೆಳವಣಿಗೆ ದರ, ಸೂತ್ರಗಳಲ್ಲಿ ಮ್ಯೂ ಎಂದು ಬರೆಯುವುದು ಇದನ್ನೇ. 0.693ನ್ನು ಮ್ಯೂನಿಂದ ಭಾಗಿಸಿದರೆ ದ್ವಿಗುಣ ಅವಧಿ ಸಿಗುತ್ತದೆ. ಕೊನೆಗೆ ರೇಖೆ ಮಟ್ಟಸವಾಗುವುದು ಸ್ಥಿರ ಹಂತ, ಆ ಎತ್ತರ ಇಳುವರಿಯ ಅಳತೆ. ಅದರಾಚೆ ಅವನತಿ ಹಂತ.

ಎಲ್‌ಬಿ ಎಂಬ ಸಮೃದ್ಧ ಮೀಡಿಯಂನಲ್ಲಿ, 37 ಡಿಗ್ರಿಯಲ್ಲಿ, ಚೆನ್ನಾಗಿ ಗಾಳಿ ಸಿಕ್ಕ ಇ. ಕೋಲೈ ಘಾತೀಯ ಹಂತದಲ್ಲಿ ಸುಮಾರು 20 ನಿಮಿಷಕ್ಕೆ ದ್ವಿಗುಣವಾಗುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ ಮ್ಯೂ 2.1ರಷ್ಟು. ಲವಣಗಳ ಜೊತೆ ಗ್ಲುಕೋಸ್ ಮಾತ್ರ ಇರುವ ಕನಿಷ್ಠ ಮೀಡಿಯಂನಲ್ಲಿ ಒಂದು ಗಂಟೆಯ ಆಸುಪಾಸು. ಸಮೃದ್ಧ ಮೀಡಿಯಂನಲ್ಲಿ 30 ಡಿಗ್ರಿಯಲ್ಲಿರುವ ಯೀಸ್ಟ್‌ಗೆ 90 ನಿಮಿಷ. ನೂರನೇ ಒಂದು ಭಾಗದಿಂದ ಮೂಲ ಸಾಂದ್ರತೆಗೆ ಮರಳಲು 6.6 ಪೀಳಿಗೆ ಬೇಕು. 20 ನಿಮಿಷದ ಲೆಕ್ಕದಲ್ಲಿ ಅದು ಎರಡೂಕಾಲು ಗಂಟೆ, ಅದರ ಮೇಲೆ ಲ್ಯಾಗ್. ವಾಸ್ತವದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಕೊನೆಯ ಪೀಳಿಗೆಗಳು ನಿಧಾನ. ಎರಡು ಗಂಟೆಯಲ್ಲಿ ಫ್ಲಾಸ್ಕ್ ದಟ್ಟವಾಗಿಲ್ಲ ಎಂದರೆ ಅದು ದೋಷವಲ್ಲ.

ಲಕ್ಷಣ: ರಾತ್ರಿಯಿಡೀ ಇಟ್ಟರೂ ದ್ರವ ತಿಳಿಯಾಗಿಯೇ ಇದೆ

ಹಾಸ್ಯಾಸ್ಪದವೆನಿಸುವಷ್ಟು ಸರಳ ಕಾರಣಗಳಿಂದಲೇ ಶುರುಮಾಡಿ. ಇನಾಕ್ಯುಲಂ ನಿಜವಾಗಿ ಹಾಕಿದ್ದೀರಾ? ಕಾದ ಲೂಪನ್ನು, ಅಂದರೆ ಕೋಶ ಎತ್ತುವ ತಂತಿಯ ಕುಣಿಕೆಯನ್ನು, ತಣ್ಣಗಾಗಲು ಬಿಡದೆ ಪ್ಲೇಟಿನ ಮೇಲಿನ ಕಾಲೊನಿಗೆ (ಕೋಶಗಳ ಗುಂಪಿಗೆ) ತಾಗಿಸಿದರೆ ಎತ್ತಿಕೊಂಡಿದ್ದು ಸತ್ತ ಕೋಶಗಳನ್ನು. ಇನ್‌ಕ್ಯುಬೇಟರ್‌ನ ಫಲಕ ತೋರಿಸುವ ಉಷ್ಣತೆಯನ್ನು ನಂಬಬೇಡಿ. ನೀರು ತುಂಬಿದ ಫ್ಲಾಸ್ಕ್‌ನೊಳಗೆ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಫಲಕ 37 ಎನ್ನುತ್ತಿರುವಾಗ ಒಳಗೆ 45 ದಾಟಿದ್ದರೆ ಇ. ಕೋಲೈ ಬೆಳೆಯಲು ಪರದಾಡುತ್ತದೆ, 50ರ ಹತ್ತಿರ ನಿಂತೇಹೋಗುತ್ತದೆ.

ಮುಂದೆ ಆ್ಯಂಟಿಬಯಾಟಿಕ್. ನಿರೋಧಕ ಜೀನ್ ಇಲ್ಲದ ತಳಿಯನ್ನು ಆ್ಯಂಪಿಸಿಲಿನ್ ಇರುವ ಮೀಡಿಯಂಗೆ ಹಾಕಿದರೆ ಬೆಳೆಯದಿರುವುದೇ ಸರಿಯಾದ ಫಲಿತಾಂಶ. ಸಾಮಾನ್ಯ ಪ್ರಮಾಣ ಮಿಲಿಲೀಟರಿಗೆ 100 ಮೈಕ್ರೊಗ್ರಾಂ. ದಾಸ್ತಾನು ದ್ರಾವಣ ಸಾವಿರಪಟ್ಟೋ ನೂರುಪಟ್ಟೋ ಎಂಬ ಗೊಂದಲದಲ್ಲಿ ಹತ್ತು ಪಟ್ಟು ಹೆಚ್ಚು ಬೀಳುವುದು ಅಪರೂಪವಲ್ಲ. ಆ್ಯಂಟಿಬಯಾಟಿಕ್ ಇಲ್ಲದ ಒಂದು ಟ್ಯೂಬನ್ನು ಪಕ್ಕದಲ್ಲಿಡಿ, ಉತ್ತರ ಮರುದಿನ ಸಿಗುತ್ತದೆ.

ಇಷ್ಟಾದರೂ ಗೊತ್ತಾಗದಿದ್ದರೆ ನಾಲ್ಕು ಟ್ಯೂಬುಗಳ ಪರೀಕ್ಷೆ ಮಾಡಿ. ಅನುಮಾನದ ಇನಾಕ್ಯುಲಂ ಮತ್ತು ಅನುಮಾನದ ಮೀಡಿಯಂ ಒಂದರಲ್ಲಿ. ಅನುಮಾನದ ಇನಾಕ್ಯುಲಂ ಮತ್ತು ಹಿಂದೆ ಬೆಳೆದು ತೋರಿಸಿದ ಮೀಡಿಯಂ ಎರಡನೆಯದರಲ್ಲಿ. ನಂಬಿಕೆಯ ಇನಾಕ್ಯುಲಂ ಮತ್ತು ಅನುಮಾನದ ಮೀಡಿಯಂ ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಎರಡೂ ನಂಬಿಕೆಯವು. ಎರಡನೆಯದೂ ಬೆಳೆಯದಿದ್ದರೆ ಜೀವಿ ಸತ್ತಿದೆ. ಮೂರನೆಯದು ಬೆಳೆಯದಿದ್ದರೆ ಮೀಡಿಯಂ ಕೆಟ್ಟಿದೆ. ನಾಲ್ಕನೆಯದೂ ಬೆಳೆಯದಿದ್ದರೆ ಇನ್‌ಕ್ಯುಬೇಟರನ್ನೋ ಗಾಜಿನ ಸಾಮಾನನ್ನೋ ನೋಡಿ. ದುಬಾರಿ ಉಪಕರಣಗಳು ಕೊಡದಷ್ಟು ಸ್ಪಷ್ಟತೆಯನ್ನು ಈ ನಾಲ್ಕು ಟ್ಯೂಬುಗಳು ಕೊಡುತ್ತವೆ, ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ತಪ್ಪು ಜೀವಿಯದ್ದಾದರೆ ದಾಸ್ತಾನಿನ ಕಡೆ ತಿರುಗಿ. ಮೈನಸ್ 80 ಡಿಗ್ರಿಯಲ್ಲಿ ಶೇ. 15ರಿಂದ 25ರ ಗ್ಲಿಸರಾಲ್‌ನಲ್ಲಿಟ್ಟ ಕೋಶಗಳು ವರ್ಷಗಟ್ಟಲೆ ಬಾಳುತ್ತವೆ, ಆದರೆ ಪ್ರತಿಸಲ ಪೂರ್ತಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಬೇಗ ಸಾಯುತ್ತವೆ. ಮೇಲ್ಮೈಯಿಂದ ಕೆರೆದು ತೆಗೆಯಬೇಕು, ಕರಗಿಸಬಾರದು.

ತಪ್ಪು ಮೀಡಿಯಂನದ್ದಾಗಿ, ಅದೂ ಕನಿಷ್ಠ ಮೀಡಿಯಂ ಆಗಿದ್ದರೆ, ತಳಿಗೆ ಯಾವ ಪೋಷಕಾಂಶವನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ ಎಂದು ಕೇಳಿ. ಸರಳ ಲವಣ ಮತ್ತು ಒಂದು ಸಕ್ಕರೆಯಿಂದ ಎಲ್ಲವನ್ನೂ ಕಟ್ಟಿಕೊಳ್ಳಬಲ್ಲದ್ದು ಪ್ರೊಟೊಟ್ರೋಫ್. ಯಾವುದಾದರೂ ಅಮೈನೊ ಆಮ್ಲಕ್ಕೋ ಜೀವಸತ್ವಕ್ಕೋ ಹೊರಗಿನ ಪೂರೈಕೆ ಬೇಕಾದದ್ದು ಆಕ್ಸೊಟ್ರೋಫ್. ಡಿಎಚ್5 ಆಲ್ಫಾ ತಳಿಗೆ ಥಯಾಮಿನ್ ಬೇಕು, ಮಿಲಿಲೀಟರಿಗೆ ಒಂದು ಮೈಕ್ರೊಗ್ರಾಂ ಸಾಕು. ಎಚ್‌ಬಿ101ಕ್ಕೆ ಥಯಾಮಿನ್ ಜೊತೆಗೆ ಲ್ಯೂಸಿನ್, ಪ್ರೊಲಿನ್ ಕೂಡ ಬೇಕು. ಎಲ್‌ಬಿಯಲ್ಲಿ ಸೊಗಸಾಗಿ ಬೆಳೆದು ಎಂ9 ಎಂಬ ಕನಿಷ್ಠ ಮೀಡಿಯಂನಲ್ಲಿ ಕಲ್ಲಿನಂತೆ ಕೂರುವ ಕಲ್ಚರ್‌ನ ಹಿಂದೆ ಬಹುತೇಕ ಇದೇ ಕಾರಣ.

ಮೀಡಿಯಂ ತಯಾರಿಕೆಯಲ್ಲಿ ಆಗುವ ಇನ್ನೆರಡು ತಪ್ಪುಗಳನ್ನು ಬರಿಗಣ್ಣಿನಲ್ಲೇ ಕಾಣಬಹುದು. ಗ್ಲುಕೋಸನ್ನು ಅಮೈನೊ ಆಮ್ಲಗಳ ಜೊತೆ ಆಟೋಕ್ಲೇವ್ ಮಾಡಿದರೆ ದ್ರವ ಕಂದುಬಣ್ಣಕ್ಕೆ ತಿರುಗುತ್ತದೆ. ಸಕ್ಕರೆಯೂ ಅಮೈನೊ ಆಮ್ಲವೂ ಒಂದಕ್ಕೊಂದು ಬೆಸೆದು ಎರಡೂ ಕಡಿಮೆಯಾಗಿ, ಬೆಳವಣಿಗೆ ತಡೆಯುವ ಪದಾರ್ಥಗಳೂ ಹುಟ್ಟುತ್ತವೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಲವಣಗಳನ್ನು ಫಾಸ್ಫೇಟ್ ಜೊತೆ ಕಾಯಿಸಿದರೆ ಬಿಳಿ ಪ್ರಕ್ಷೇಪ ತಳಕ್ಕೆ ಕೂರುತ್ತದೆ, ಅಷ್ಟು ಮೆಗ್ನೀಸಿಯಂ ಕೋಶಕ್ಕೆ ಸಿಗದು. ಗ್ಲುಕೋಸ್, ಮೆಗ್ನೀಸಿಯಂ-ಕ್ಯಾಲ್ಸಿಯಂ ಲವಣ, ಫಾಸ್ಫೇಟ್ ಮೂರನ್ನೂ ಬೇರೆ ಬೇರೆಯಾಗಿ ಶುದ್ಧೀಕರಿಸಿ, ತಣ್ಣಗಾದ ಮೇಲೆ ಬೆರೆಸಿ. ಕಣ್ಣಿಗೆ ಕಾಣದ ಮೂರನೆಯ ತಪ್ಪು ಫ್ಲಾಸ್ಕ್‌ನಲ್ಲಿ ಉಳಿದ ಡಿಟರ್ಜೆಂಟ್. ಅದೇ ಮೀಡಿಯಂ ಬಳಸಿ ಬಿಸಾಡುವ ಹೊಸ ಟ್ಯೂಬಿನಲ್ಲಿ ಬೆಳೆದು ಗಾಜಿನಲ್ಲಿ ಬೆಳೆಯದಿದ್ದರೆ ಗಾಜನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಹಲವು ಬಾರಿ ತೊಳೆಯಿರಿ.

ಲಕ್ಷಣ: ಬೆಳೆಯುತ್ತದೆ, ಆದರೆ ಗಂಟೆಗಟ್ಟಲೆ ತಡವಾಗಿ

ಇಳಿಜಾರು ಸರಿಯಿದೆ, ಎತ್ತರ ಸರಿಯಿದೆ, ರೇಖೆ ಮಾತ್ರ ಬಲಕ್ಕೆ ಸರಿದಿದೆ. ಹಾಗಿದ್ದರೆ ಮೀಡಿಯಂ ನಿರಪರಾಧಿ. ಎರಡೇ ಸಾಧ್ಯತೆ: ಬದುಕಿರುವ ಕೋಶಗಳು ಕಡಿಮೆ ಹೋಗಿವೆ, ಅಥವಾ ಹೋದ ಕೋಶಗಳಿಗೆ ಹೊಂದಿಕೊಳ್ಳಲು ಹೆಚ್ಚು ಕೆಲಸ ಬಿದ್ದಿದೆ.

ದಿನಗಟ್ಟಲೆ ಸ್ಥಿರ ಹಂತದಲ್ಲಿ ಕೂತ ಹಳೆಯ ಕಲ್ಚರ್, ಫ್ರಿಜ್‌ನಿಂದ ನೇರ ತಂದ ತಣ್ಣನೆಯ ಮೀಡಿಯಂ, ಎಲ್‌ಬಿಯಿಂದ ಕನಿಷ್ಠ ಮೀಡಿಯಂಗೆ ಒಮ್ಮೆಲೇ ಬದಲಾವಣೆ, ಇವೆಲ್ಲ ಲ್ಯಾಗ್ ಹಿಗ್ಗಿಸುತ್ತವೆ. ಕೊನೆಯದು ಹೆಚ್ಚು ಕಾಡುತ್ತದೆ. ಎಲ್‌ಬಿಯಲ್ಲಿ ಸಿದ್ಧ ಅಮೈನೊ ಆಮ್ಲ ತಿಂದು ಬೆಳೆದ ಕೋಶ ಕನಿಷ್ಠ ಮೀಡಿಯಂಗೆ ಬಿದ್ದಾಗ ಇಪ್ಪತ್ತೂ ಅಮೈನೊ ಆಮ್ಲಗಳನ್ನು ತಯಾರಿಸುವ ಕಿಣ್ವಗಳನ್ನು ಹೊಸದಾಗಿ ಕಟ್ಟಬೇಕು, ಅದನ್ನು ಕಟ್ಟಲು ಬೇಕಾಗಿರುವುದೂ ಅಮೈನೊ ಆಮ್ಲಗಳೇ. ಗುರಿ ಮೀಡಿಯಂನಲ್ಲೇ ಒಂದು ಸುತ್ತು ಬೆಳೆಸಿ, ಆ ಕಲ್ಚರ್ ಘಾತೀಯ ಹಂತದಲ್ಲಿರುವಾಗ, ಮುಂಚೆಯೇ ಬೆಚ್ಚಗಾಗಿಸಿದ ಮೀಡಿಯಂಗೆ ವರ್ಗಾಯಿಸಿ. ಆಗ ಲ್ಯಾಗ್ ಬಹುಪಾಲು ಮಾಯವಾಗುತ್ತದೆ.

ಒಂದೇ ಇನಾಕ್ಯುಲಂ ಎಂದುಕೊಂಡ ಟ್ಯೂಬುಗಳಲ್ಲಿ ಕೆಲವು ಬೆಳೆದು ಕೆಲವು ತಡವಾಗಿ ಬೆಳೆದರೆ ಅದು ಬೇರೆ ಸುದ್ದಿ. ಬದುಕಿರುವ ಕೋಶಗಳು ಬೆರಳೆಣಿಕೆಯಷ್ಟಿವೆ, ಅಥವಾ ಅಪರೂಪದ ರೂಪಾಂತರಿ ಕೋಶವೊಂದು ಗೆದ್ದು ಬೆಳೆದಿದೆ. ತಡವಾಗಿ ಬೆಳೆದ ಟ್ಯೂಬಿನ ಕೋಶಗಳನ್ನು ಅದೇ ಮೀಡಿಯಂಗೆ ಮತ್ತೆ ಹಾಕಿ. ಈ ಬಾರಿ ಲ್ಯಾಗ್ ಇಲ್ಲದಿದ್ದರೆ, ಎಲ್‌ಬಿಯಲ್ಲಿ ಒಂದು ಸುತ್ತು ತಿರುಗಿಸಿ ತಂದ ಮೇಲೂ ಲ್ಯಾಗ್ ಮರಳದಿದ್ದರೆ, ನಿಮ್ಮ ಕೈಯಲ್ಲಿರುವುದು ಮೂಲ ತಳಿಯಲ್ಲ. ಆ ಟ್ಯೂಬನ್ನು ದಾಸ್ತಾನು ಮಾಡಬೇಡಿ.

ಲಕ್ಷಣ: ಇಳಿಜಾರು ಕಡಿಮೆ, ದ್ವಿಗುಣ ಅವಧಿ ಉದ್ದ

ಉಷ್ಣತೆ ಮೊದಲು. ಅನುಕೂಲ ವ್ಯಾಪ್ತಿಯೊಳಗೆ ಹತ್ತು ಡಿಗ್ರಿ ಇಳಿದರೆ ದರ ಅಂದಾಜು ಅರ್ಧಕ್ಕೆ ಬೀಳುತ್ತದೆ. ಆಮೇಲೆ ಪಿಎಚ್: ಇ. ಕೋಲೈಗೆ 6ರಿಂದ 8ರ ನಡುವೆ ಹಿತ. ಆಮೇಲೆ ಆಹಾರದ ಗುಣ. ಅಸಿಟೇಟ್ ಅಥವಾ ಸಕ್ಸಿನೇಟ್ ಮೇಲೆ ಬೆಳೆಯುವ ಕೋಶ ಗ್ಲುಕೋಸ್ ಮೇಲಿನದಕ್ಕಿಂತ ನಿಧಾನ, ಅದು ಸಹಜ.

ಆಹಾರದ ಪ್ರಮಾಣ ಮಾತ್ರ ಇಲ್ಲಿ ಸಾಮಾನ್ಯವಾಗಿ ಕಾರಣವಲ್ಲ. ಜಾಕ್ ಮೊನೊ 1949ರಲ್ಲಿ ವಿವರಿಸಿದ ಸಂಬಂಧದ ಪ್ರಕಾರ ಪೋಷಕಾಂಶದ ಸಾಂದ್ರತೆ ಏರಿದಂತೆ ದರ ಏರಿ, ಬೇಗನೆ ಗರಿಷ್ಠ ಮುಟ್ಟಿ ನಿಲ್ಲುತ್ತದೆ. ಅರ್ಧ ದರ ಕೊಡುವ ಗ್ಲುಕೋಸ್ ಸಾಂದ್ರತೆ ಇ. ಕೋಲೈಗೆ ಲೀಟರಿಗೆ ಕೆಲವೇ ಮಿಲಿಗ್ರಾಂಗಿಂತ ಹೆಚ್ಚಿಲ್ಲ. ನಾವು ಹಾಕುವುದು ಲೀಟರಿಗೆ ಎರಡರಿಂದ ನಾಲ್ಕು ಗ್ರಾಂ. ಇನ್ನಷ್ಟು ಸುರಿದರೆ ವೇಗ ಹೆಚ್ಚಾಗದು.

ಪ್ಲಾಸ್ಮಿಡ್ (ಹೊರಗಿನಿಂದ ಸೇರಿಸಿದ ಚಿಕ್ಕ ಡಿಎನ್‌ಎ ಉಂಗುರ) ಹೊತ್ತ ತಳಿ ಖಾಲಿ ತಳಿಗಿಂತ ನಿಧಾನವಾಗಿದ್ದರೆ, ಪ್ರೋಟೀನ್ ಉತ್ಪಾದನೆಯ ಸ್ವಿಚ್ ಸೋರುತ್ತಿರಬಹುದು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುಗಳೂ ರೈಬೋಸೋಮ್‌ಗಳೂ ಬೇಡದ ಪ್ರೋಟೀನಿಗೆ ಖರ್ಚಾಗುತ್ತಿರುತ್ತವೆ. ಎರಡನ್ನೂ ಅಕ್ಕಪಕ್ಕ ಬೆಳೆಸಿ ಹೋಲಿಸಿ.

ಲಕ್ಷಣ: ಚೆನ್ನಾಗಿ ಶುರುವಾಗಿ ಕಡಿಮೆ ಎತ್ತರದಲ್ಲೇ ನಿಲ್ಲುತ್ತದೆ

ಇಲ್ಲಿ ಚಯಾಪಚಯದ ಪಾಠವೆಲ್ಲ ಒಂದೇ ಫ್ಲಾಸ್ಕ್‌ನಲ್ಲಿ ಸಿಗುತ್ತದೆ. ಆಹಾರವನ್ನು ಒಡೆದು ಶಕ್ತಿ ಪಡೆಯುವ ಅಪಚಯ, ಆ ಶಕ್ತಿಯಿಂದ ಕೋಶದ್ರವ್ಯ ಕಟ್ಟುವ ಉಪಚಯ, ಎರಡರ ನಡುವೆ ಎಟಿಪಿ. ಆಹಾರದಿಂದ ಕಿತ್ತ ಎಲೆಕ್ಟ್ರಾನ್‌ಗಳನ್ನು ಎನ್‌ಎಡಿ ಎಂಬ ವಾಹಕ ಅಣು ಹೊತ್ತು ಎನ್‌ಎಡಿಎಚ್ ಆಗುತ್ತದೆ. ಆ ಎಲೆಕ್ಟ್ರಾನ್‌ಗಳನ್ನು ಎಲ್ಲಾದರೂ ಇಳಿಸದಿದ್ದರೆ ಎನ್‌ಎಡಿ ಮರಳಿ ಸಿಗದೆ ಇಡೀ ಸರಣಿ ಸ್ಥಗಿತ. ಆಮ್ಲಜನಕಕ್ಕೆ ಇಳಿಸಿದರೆ ಉಸಿರಾಟ, ಹೆಚ್ಚು ಎಟಿಪಿ. ಆಮ್ಲಜನಕವಿಲ್ಲದಾಗ ನೈಟ್ರೇಟ್‌ಗೆ ಇಳಿಸಿದರೂ ಅದು ಉಸಿರಾಟವೇ. ತನ್ನದೇ ಅಪಚಯದ ಉತ್ಪನ್ನಕ್ಕೆ ಇಳಿಸಿದರೆ ಹುದುಗುವಿಕೆ. ಗ್ಲುಕೋಸ್‌ನಿಂದ ಲ್ಯಾಕ್ಟೇಟ್ ಅಥವಾ ಎಥನಾಲ್ ಮಾಡುವಾಗ ಒಂದು ಅಣುವಿಗೆ ನಿವ್ವಳ ಎರಡು ಎಟಿಪಿ ಮಾತ್ರ.

ಇದು ನೇರವಾಗಿ ಇಳುವರಿಯಲ್ಲಿ ಕಾಣುತ್ತದೆ. ಒಂದು ಮೋಲ್ ಎಟಿಪಿಯಿಂದ ಸುಮಾರು 10.5 ಗ್ರಾಂ ಒಣ ಕೋಶದ್ರವ್ಯ ಎಂಬುದು 1960ರಿಂದ ಬಳಕೆಯಲ್ಲಿರುವ ಲೆಕ್ಕ. ಎರಡು ಎಟಿಪಿ ಕೊಡುವ ಹುದುಗುವಿಕೆಯಲ್ಲಿ 180 ಗ್ರಾಂ ಗ್ಲುಕೋಸ್‌ಗೆ ಬರೀ 21 ಗ್ರಾಂ, ಅಂದರೆ ಗ್ರಾಂಗೆ 0.12. ಗಾಳಿ ಸಿಕ್ಕ ಇ. ಕೋಲೈ ಗ್ರಾಂಗೆ 0.5ರವರೆಗೆ ಕೊಡುತ್ತದೆ. ನಿಮ್ಮ ಇಳುವರಿ ನಾಲ್ಕನೇ ಒಂದಕ್ಕೆ ಇಳಿದಿದ್ದರೆ ಮೊದಲ ಅನುಮಾನ ಗಾಳಿಯ ಮೇಲಿರಲಿ.

*ಗಾಳಿ.* 37 ಡಿಗ್ರಿಯ ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಸುಮಾರು 7 ಮಿಲಿಗ್ರಾಂ. 4 ಗ್ರಾಂ ಗ್ಲುಕೋಸನ್ನು ಬಳಸಿ ಬೆಳೆಯಲು ಬೇಕಾದದ್ದು ಅಂದಾಜು 1.6 ಗ್ರಾಂ. ಅಂದರೆ ಕರಗಿದ ದಾಸ್ತಾನು ಇನ್ನೂರಕ್ಕಿಂತ ಹೆಚ್ಚು ಬಾರಿ ಮರುಭರ್ತಿಯಾಗಬೇಕು. ದಟ್ಟ ಕಲ್ಚರ್‌ನ ಶೇಕರ್ ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಆಮ್ಲಜನಕ ಬರಿದು. ಫ್ಲಾಸ್ಕ್‌ನ ಗಾತ್ರದ ಐದನೇ ಒಂದಕ್ಕಿಂತ ಹೆಚ್ಚು ದ್ರವ ತುಂಬಬೇಡಿ, ಹತ್ತನೇ ಒಂದಾದರೆ ಇನ್ನೂ ಒಳ್ಳೆಯದು. ನಿಮಿಷಕ್ಕೆ 200ರಿಂದ 250 ಸುತ್ತು, ಮುಚ್ಚಳ ಗಾಳಿಯಾಡುವಂಥದ್ದು. ಪರೀಕ್ಷೆ ಸುಲಭ: ಅದೇ ಮೀಡಿಯಂ 25 ಮಿಲಿಲೀಟರ್ ಒಂದು 250ರ ಫ್ಲಾಸ್ಕ್‌ನಲ್ಲಿ, 125 ಮಿಲಿಲೀಟರ್ ಇನ್ನೊಂದರಲ್ಲಿ. ಮೊದಲನೆಯದು ಹೆಚ್ಚು ದಟ್ಟವಾದರೆ ಉತ್ತರ ಸಿಕ್ಕಿತು.

*ಪಿಎಚ್.* ನಿಂತುಹೋದ ಕಲ್ಚರ್‌ನ ಪಿಎಚ್ ನೋಡಿ, ಪಟ್ಟಿಯೂ ಸಾಕು. ಗ್ಲುಕೋಸ್ ಇರುವ ಮೀಡಿಯಂನಲ್ಲಿ 5ರ ಹತ್ತಿರ ಇಳಿದಿದ್ದರೆ ಆಮ್ಲಗಳು ಬೆಳವಣಿಗೆ ನಿಲ್ಲಿಸಿವೆ. ಗಾಳಿ ಸಾಕಷ್ಟಿದ್ದೂ ಇ. ಕೋಲೈ ಅಸಿಟೇಟ್ ಹೊರಹಾಕುವುದುಂಟು. ಗ್ಲುಕೋಸ್ ಒಳಬರುವ ವೇಗ ಕೋಶ ಪೂರ್ತಿ ಸುಡಬಲ್ಲ ವೇಗವನ್ನು ಮೀರಿದಾಗ ಹೆಚ್ಚಿನದು ಅಸಿಟೇಟ್ ಆಗಿ ಚೆಲ್ಲುತ್ತದೆ. ಯೀಸ್ಟ್‌ನಲ್ಲಿ ಇದರ ಜೋಡಿ ಕ್ರಾಬ್‌ಟ್ರೀ ಪರಿಣಾಮ: ಆಮ್ಲಜನಕವಿದ್ದರೂ ಸಕ್ಕರೆ ಹೆಚ್ಚಿದ್ದರೆ ಎಥನಾಲ್. ಪರಿಹಾರ ಗ್ಲುಕೋಸ್ ತಗ್ಗಿಸುವುದು, ಪಿಎಚ್ ಹಿಡಿದಿಡುವ ಫಾಸ್ಫೇಟ್ ಬಫರ್ ಹೆಚ್ಚಿಸುವುದು, ಅಥವಾ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಉಣಿಸುವುದು.

ಬರೀ ಎಲ್‌ಬಿಯಲ್ಲಿ ಪಿಎಚ್ ಇದಕ್ಕೆ ವಿರುದ್ಧವಾಗಿ ಮೇಲೇರುತ್ತದೆ, ಕೊನೆಯ ಹಂತದಲ್ಲಿ 8.5 ದಾಟಬಹುದು. ಎಲ್‌ಬಿಯಲ್ಲಿ ಬಳಸಬಲ್ಲ ಸಕ್ಕರೆ ತೀರಾ ಕಡಿಮೆ. ಕೋಶಗಳು ಅಮೈನೊ ಆಮ್ಲಗಳನ್ನೇ ಸುಟ್ಟು ಅಮೋನಿಯ ಬಿಡುತ್ತವೆ. ಇದೇ ಕಾರಣಕ್ಕೆ ಎಲ್‌ಬಿಯಲ್ಲಿ ನಿಜವಾದ ಘಾತೀಯ ಬೆಳವಣಿಗೆ ಓಡಿ 0.3ರ ಸುಮಾರಿಗೇ ಮುಗಿಯುತ್ತದೆ, ಆಮೇಲಿನದು ಇಳಿಯುವ ದರದ ಬೆಳವಣಿಗೆ. ಓಡಿ 0.6ನ್ನು ಮಧ್ಯ ಘಾತೀಯ ಹಂತ ಎಂದು ಬರೆಯುವ ವಾಡಿಕೆ ಇದೆ. ದರ ಅಳೆಯುವವರು ಅದನ್ನು ನೆಚ್ಚಿಕೊಳ್ಳಬಾರದು.

*ಯಾವುದು ಮೊದಲು ಮುಗಿಯಿತು?* ಗಾಳಿ, ಪಿಎಚ್ ಎರಡೂ ಸರಿಯಿದ್ದರೆ ಪೋಷಕಾಂಶದ ಲೆಕ್ಕಕ್ಕೆ ಬನ್ನಿ. ಒಣ ಬ್ಯಾಕ್ಟೀರಿಯಾ ಕೋಶದಲ್ಲಿ ಸುಮಾರು ಶೇ. 50 ಇಂಗಾಲ, 14 ಸಾರಜನಕ, 3 ರಂಜಕ, 1 ಗಂಧಕ. ಎಂ9ನಲ್ಲಿ ಲೀಟರಿಗೆ ಒಂದು ಗ್ರಾಂ ಅಮೋನಿಯಂ ಕ್ಲೋರೈಡ್, ಅದರಲ್ಲಿ ಸಾರಜನಕ 0.26 ಗ್ರಾಂ. ಅದು ಕಟ್ಟಬಲ್ಲದ್ದು 1.9 ಗ್ರಾಂ ಕೋಶ. ಶೇ. 0.4ರ ಗ್ಲುಕೋಸ್, ಗ್ರಾಂಗೆ 0.5ರಂತೆ, ಕಟ್ಟಬಲ್ಲದ್ದು 2 ಗ್ರಾಂ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಗ್ಲುಕೋಸನ್ನು ಶೇ. 1ಕ್ಕೆ ಏರಿಸಿದರೆ ಕೋಶಗಳು ಹೆಚ್ಚಾಗುವುದಿಲ್ಲ, ಸಾರಜನಕ ತೀರಿದ ಮೇಲೆ ಉಳಿದ ಸಕ್ಕರೆ ಆಮ್ಲವಾಗುತ್ತದೆ. ನಿಂತ ಕಲ್ಚರನ್ನು ಸಣ್ಣ ಟ್ಯೂಬುಗಳಿಗೆ ಹಂಚಿ, ಒಂದಕ್ಕೆ ಗ್ಲುಕೋಸ್, ಒಂದಕ್ಕೆ ಅಮೋನಿಯಂ, ಒಂದಕ್ಕೆ ಮೆಗ್ನೀಸಿಯಂ, ಒಂದಕ್ಕೆ ಕಬ್ಬಿಣ ಸೇರಿಸಿ ಮತ್ತೆ ಬೆಳೆಸಿ. ಯಾವುದು ಎದ್ದು ಬೆಳೆಯಿತೋ ಆ ಪೋಷಕಾಂಶವೇ ಮಿತಿ.

ಲಕ್ಷಣ: ರೇಖೆಯ ನಡುವೆ ಮೆಟ್ಟಿಲು

ಬೆಳೆದು, ಸ್ವಲ್ಪ ಹೊತ್ತು ನಿಂತು, ಬೇರೆ ಇಳಿಜಾರಿನಲ್ಲಿ ಮತ್ತೆ ಬೆಳೆದರೆ ಅದು ದ್ವಿಹಂತ ಬೆಳವಣಿಗೆ, ಡಯಾಕ್ಸಿ. ಗ್ಲುಕೋಸ್ ಇರುವವರೆಗೆ ಲ್ಯಾಕ್ಟೋಸ್ ಬಳಸುವ ಜೀನ್‌ಗಳು ಅದುಮಿರುತ್ತವೆ. ಗ್ಲುಕೋಸ್ ತೀರಿದ ಮೇಲೆ ಆ ಕಿಣ್ವಗಳನ್ನು ಕಟ್ಟಲು ಹಿಡಿಯುವ ಸಮಯವೇ ಆ ಮೆಟ್ಟಿಲು. ಯೀಸ್ಟ್‌ನಲ್ಲಿ ಗ್ಲುಕೋಸ್‌ನಿಂದ ಎಥನಾಲ್‌ಗೆ ಹೊರಳುವಾಗಲೂ ಇದು ಕಾಣುತ್ತದೆ. ದೋಷವಲ್ಲ. ಒಂದೇ ಸಕ್ಕರೆ ಹಾಕಿದ್ದೇನೆ ಎಂದುಕೊಂಡ ಮೀಡಿಯಂನಲ್ಲಿ ಕಂಡರೆ ಮಾತ್ರ ಸಕ್ಕರೆಯ ಶುದ್ಧತೆಯನ್ನೂ ಇನಾಕ್ಯುಲಂ ಜೊತೆ ಬಂದ ಹಳೆಯ ಮೀಡಿಯಂ ಅನ್ನೂ ಪರಿಶೀಲಿಸಿ.

ಲಕ್ಷಣ: ದಟ್ಟವಾಗಿದ್ದ ಕಲ್ಚರ್ ಇದ್ದಕ್ಕಿದ್ದಂತೆ ತಿಳಿಯಾಯಿತು

ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಓಡಿ ಕುಸಿದು, ನೊರೆ ಹೆಚ್ಚಿ, ಎಳೆಎಳೆಯಾದ ಲೋಳೆ ತೇಲಿದರೆ ಕೋಶಗಳು ಒಡೆದಿವೆ. ಬೆಳೆಯುತ್ತಿದ್ದ, ನಿರೋಧಕ ಜೀನ್ ಇಲ್ಲದ ತಳಿಗೆ ಆ್ಯಂಪಿಸಿಲಿನ್ ತಗುಲಿದೆಯೇ ನೋಡಿ, ಅದು ಬೆಳೆಯುವ ಕೋಶಗಳನ್ನೇ ಒಡೆಯುತ್ತದೆ. ಅದಲ್ಲದಿದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್, ಅಂದರೆ ಬ್ಯಾಕ್ಟೀರಿಯೊಫೇಜ್ ಅಥವಾ ಫೇಜ್, ಎಂದು ಭಾವಿಸಿ ನಡೆಯಿರಿ.

ಖಚಿತಪಡಿಸಲು ಒಡೆದ ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು 0.22 ಮೈಕ್ರೊಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಅದೇ ತಳಿಯನ್ನು ಹರಡಿದ ಪ್ಲೇಟ್ ಮೇಲೆ ಹನಿಹನಿಯಾಗಿ ಇಡಿ. ಹನಿ ಬಿದ್ದಲ್ಲಿ ಬೆಳೆ ಇಲ್ಲದ ತಿಳಿ ವೃತ್ತ ಬಂತೆಂದರೆ, ಆ ದ್ರವವನ್ನು ಸಾವಿರ ಪಟ್ಟು ತೆಳು ಮಾಡಿ ಮತ್ತೆ ಇಡಿ. ಆ್ಯಂಟಿಬಯಾಟಿಕ್ ಆಗಿದ್ದರೆ ಪರಿಣಾಮ ಮಾಯವಾಗುತ್ತದೆ. ಫೇಜ್ ಆಗಿದ್ದರೆ ಬಿಡಿಬಿಡಿ ತಿಳಿ ಚುಕ್ಕೆಗಳು, ಅಂದರೆ ಪ್ಲಾಕ್‌ಗಳು, ಕಾಣುತ್ತವೆ.

ಫೇಜ್ ಸಿಕ್ಕರೆ ಆ ದಿನದ ಎಲ್ಲ ಕಲ್ಚರ್ ಕೆಲಸ ನಿಲ್ಲಿಸಿ. ಟಿ1 ಎಂಬ ಫೇಜ್ ಒಣಗಿದರೂ ಸಾಯದೆ ಧೂಳಿನಲ್ಲಿ ಉಳಿಯುತ್ತದೆ. ಶೇಕರ್, ಪಿಪೆಟ್, ಮೇಜು, ಸಿಂಕ್ ಎಲ್ಲವನ್ನೂ ಬ್ಲೀಚ್‌ನಿಂದ ಒರೆಸಿ, ಎಲ್ಲ ದ್ರಾವಣಗಳನ್ನು ಹೊಸದಾಗಿ ಮಾಡಿ, ಪ್ರಯೋಗಾಲಯದ ಉಳಿದವರಿಗೆ ತಕ್ಷಣ ತಿಳಿಸಿ. ಮುಚ್ಚಿಟ್ಟರೆ ವಾರದೊಳಗೆ ಎಲ್ಲರ ಫ್ಲಾಸ್ಕ್‌ಗೂ ತಲುಪುತ್ತದೆ.

ಲಕ್ಷಣ: ಓಡಿ ಒಂದು ಹೇಳಿದರೆ ಕಾಲೊನಿ ಎಣಿಕೆ ಇನ್ನೊಂದು ಹೇಳುತ್ತದೆ

ಓಡಿ ಕೋಶಗಳನ್ನು ಎಣಿಸುವುದಿಲ್ಲ, ಚದುರಿದ ಬೆಳಕನ್ನು ಅಳೆಯುತ್ತದೆ. ಸತ್ತ ಕೋಶ, ಪ್ರಕ್ಷೇಪ, ಗುಳ್ಳೆ, ಬೆರಳಚ್ಚು ಎಲ್ಲವೂ ಅದಕ್ಕೆ ಒಂದೇ. ಬ್ಲಾಂಕ್ ಆಗಿ, ಅಂದರೆ ಯಂತ್ರಕ್ಕೆ ಸೊನ್ನೆ ಗುರುತಿಸಲು, ನೀರಿಟ್ಟಿದ್ದೀರೋ ಮೀಡಿಯಂ ಇಟ್ಟಿದ್ದೀರೋ ಮೊದಲು ನೋಡಿ. ಓಡಿ 0.4 ದಾಟಿದ ಮೇಲೆ ಅನೇಕ ಯಂತ್ರಗಳಲ್ಲಿ ಅಳತೆ ನೇರ ಅನುಪಾತದಲ್ಲಿರುವುದಿಲ್ಲ. ಹತ್ತು ಪಟ್ಟು ತೆಳು ಮಾಡಿ ಅಳೆದು ಹತ್ತರಿಂದ ಗುಣಿಸಿ. ಅದು ನೇರ ಅಳತೆಗಿಂತ ಹೆಚ್ಚು ಬಂದರೆ ನಿಮ್ಮ "ಬೇಗ ನಿಂತ" ಕಲ್ಚರ್ ನಿಂತೇ ಇರಲಿಲ್ಲ.

ಇ. ಕೋಲೈನಲ್ಲಿ ಓಡಿ 1 ಎಂದರೆ ಮಿಲಿಲೀಟರಿಗೆ ಸುಮಾರು 80 ಕೋಟಿ ಕೋಶ. ಹತ್ತು ಪಟ್ಟಿನಂತೆ ಆರು ಬಾರಿ ತೆಳು ಮಾಡಿ 0.1 ಮಿಲಿಲೀಟರ್ ಹರಡಿದರೆ 80 ಕಾಲೊನಿ ಬರಬೇಕು. 30ರಿಂದ 300ರೊಳಗಿನ ಎಣಿಕೆಯನ್ನು ಮಾತ್ರ ನಂಬಿ. ಬಹಳ ಕಡಿಮೆ ಬಂದರೆ: ತೆಳು ಮಾಡಲು ಭಟ್ಟಿ ಇಳಿಸಿದ ನೀರು ಬಳಸಿದ್ದೀರಾ? ಶೇ. 0.85ರ ಉಪ್ಪುನೀರು ಬಳಸಿ. ಹರಡುವ ಗಾಜಿನ ಕಡ್ಡಿ ಬಿಸಿಯಿತ್ತೇ? ಸುರಿದ ಅಗಾರ್ 50 ಡಿಗ್ರಿಗಿಂತ ಮೇಲಿತ್ತೇ? ಕೋಶಗಳು ಸರಪಳಿಯಾಗಿಯೋ ಗೊಂಚಲಾಗಿಯೋ ಇದ್ದರೆ ಹತ್ತಾರು ಕೋಶ ಸೇರಿ ಒಂದೇ ಕಾಲೊನಿ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿದರೆ ಇದು ತಿಳಿಯುತ್ತದೆ.

ಆ್ಯಂಪಿಸಿಲಿನ್ ಪ್ಲೇಟ್‌ನಲ್ಲಿ ದೊಡ್ಡ ಕಾಲೊನಿಯ ಸುತ್ತ ಚಿಕ್ಕ ಚುಕ್ಕೆಗಳು ಕಂಡರೆ ಅವು ಉಪಗ್ರಹ ಕಾಲೊನಿಗಳು. ದೊಡ್ಡದು ಹೊರಬಿಟ್ಟ ಬೀಟಾ ಲ್ಯಾಕ್ಟಮೇಸ್ ಸುತ್ತಲಿನ ಆ್ಯಂಪಿಸಿಲಿನ್ ಒಡೆದಿದೆ. ಚಿಕ್ಕವನ್ನು ಎತ್ತಬೇಡಿ, ಎಣಿಸಬೇಡಿ.

ಲಕ್ಷಣ: ಇನಾಕ್ಯುಲಂ ಹಾಕದ ಮೀಡಿಯಂ ಕೂಡ ಬೆಳೆದಿದೆ

ಆಟೋಕ್ಲೇವ್ ಮೊದಲ ಆರೋಪಿ. 121 ಡಿಗ್ರಿಯಲ್ಲಿ 15 ನಿಮಿಷ ಎಂಬುದು ದ್ರವವೇ ಆ ಉಷ್ಣತೆ ಮುಟ್ಟಿದ ಮೇಲಿನ ಲೆಕ್ಕ. ಒಂದೆರಡು ಲೀಟರಿನ ಬಾಟಲಿಗಳಿಗೆ 30ರಿಂದ 40 ನಿಮಿಷ ಬೇಕಾಗುತ್ತದೆ. ಒತ್ತಡ ಚದರ ಇಂಚಿಗೆ 15 ಪೌಂಡ್ ತೋರಿಸಿಯೂ ಉಷ್ಣತೆ 121 ಮುಟ್ಟದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಬಣ್ಣ ಬದಲಿಸುವ ಟೇಪ್ ಪೆಟ್ಟಿಗೆ ಬಿಸಿಯಾಯಿತು ಎಂದಷ್ಟೇ ಹೇಳುತ್ತದೆ. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಬೀಜಕಗಳ ಆಂಪೂಲ್ ಇಟ್ಟು ಪರೀಕ್ಷಿಸಿದರೆ ಮಾತ್ರ ಖಚಿತ.

ಎಲ್ಲ ಬಾಟಲಿಗಳಲ್ಲೂ ಒಂದೇ ಬಗೆಯ, ಬೀಜಕ ಕಟ್ಟುವ ದಂಡಾಕಾರದ ಬ್ಯಾಕ್ಟೀರಿಯಾ ಕಂಡರೆ ಶುದ್ಧೀಕರಣ ಸೋತಿದೆ. ಒಂದೊಂದರಲ್ಲಿ ಒಂದೊಂದು ಬಗೆ ಕಂಡರೆ ಕೈಚಳಕದಲ್ಲಿ ತಪ್ಪಿದೆ: ಗಾಳಿ, ಪಿಪೆಟ್, ಬಾಟಲಿಯ ಬಾಯಿ. ಇನಾಕ್ಯುಲಂ ಹಾಕಿದವುಗಳಲ್ಲಿ ಮಾತ್ರ ಕಂಡರೆ ದಾಸ್ತಾನೇ ಕಲುಷಿತ; ಪ್ಲೇಟಿನ ಮೇಲೆ ಗೆರೆ ಎಳೆದು ಒಂಟಿ ಕಾಲೊನಿ ಬಿಡಿಸಿ, ಬ್ಯಾಕ್ಟೀರಿಯಾದ ಬಗೆ ಗುರುತಿಸುವ ಗ್ರಾಂ ಬಣ್ಣ ಹಾಕಿ ನೋಡಿ. ಕಲುಷಿತ ಕಲ್ಚರನ್ನು ಆ್ಯಂಟಿಬಯಾಟಿಕ್ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಬೇಡ.

ಆಮ್ಲಜನಕ ಒಗ್ಗದ ಜೀವಿಗಳಾದರೆ

ಮೀಡಿಯಂನಲ್ಲಿ ರೆಸಜುರಿನ್ ಎಂಬ ಸೂಚಕ ಇದ್ದರೆ ಬಣ್ಣವೇ ಹೇಳುತ್ತದೆ: ಗುಲಾಬಿ ಕಂಡರೆ ಆಮ್ಲಜನಕ ಇದೆ, ಇನಾಕ್ಯುಲಂ ಹಾಕಬೇಡಿ. ನಿರ್ವರ್ಣವಾಗುವವರೆಗೆ ಕಾಯಿರಿ. ಹೈಡ್ರೋಜನ್ ಬಳಸುವ ಜಾಡಿಯ ಹತ್ತಿರ ಉರಿ ಇರಕೂಡದು.

ಎಲ್ಲಿಗೆ ನಿಲ್ಲಿಸಬೇಕು

ಬೆಳೆದದ್ದು ಏನೆಂದು ಗೊತ್ತಿಲ್ಲದೆ, ಅದರ ಮೂಲ ಮಣ್ಣೋ ಚರಂಡಿಯೋ ಮನುಷ್ಯರ ಮಾದರಿಯೋ ಆಗಿದ್ದರೆ ಅದನ್ನು ಹೆಚ್ಚಿಸಲು ಹೋಗಬೇಡಿ. ಮುಚ್ಚಳ ತೆಗೆಯದೆ, ಸಡಿಲವಾಗಿ ಮಾತ್ರ ಇಟ್ಟು 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಆಟೋಕ್ಲೇವ್ ಮಾಡಿ, ಜೈವಿಕ ಸುರಕ್ಷತೆಯ ಹೊಣೆ ಹೊತ್ತವರಿಗೆ ತಿಳಿಸಿ. ಆಟೋಕ್ಲೇವ್‌ನ ಬಾಗಿಲ ಸೀಲ್ ಸೋರುತ್ತಿದ್ದರೆ, ಒತ್ತಡ ಇಳಿಯದೆ ಬಾಗಿಲು ಸಡಿಲವಾಗುತ್ತಿದ್ದರೆ, ಸೆಂಟ್ರಿಫ್ಯೂಜ್‌ನೊಳಗೆ ಟ್ಯೂಬ್ ಒಡೆದಿದ್ದರೆ ನೀವೇ ಬಿಚ್ಚಬೇಡಿ. ಒಡೆದ ಟ್ಯೂಬಿನ ಸಂದರ್ಭದಲ್ಲಿ ಮುಚ್ಚಳ ತೆರೆಯುವ ಮುನ್ನ ಹನಿಗಳು ಕೆಳಗೆ ಕೂರಲು 30 ನಿಮಿಷ ಬಿಡಿ.

ನಾಲ್ಕು ಟ್ಯೂಬುಗಳ ಪರೀಕ್ಷೆ ಎರಡು ಬಾರಿ ಬೇರೆ ಬೇರೆ ಉತ್ತರ ಕೊಟ್ಟರೆ, ಅಥವಾ ಹೊಸ ದಾಸ್ತಾನು, ಹೊಸ ಮೀಡಿಯಂ, ಹೊಸ ಟ್ಯೂಬ್ ಮೂರೂ ಬದಲಾದ ಮೇಲೂ ಲಕ್ಷಣ ಉಳಿದರೆ, ನೀರಿನ ಗುಣಮಟ್ಟ ಮತ್ತು ತಳಿಯ ಗುರುತು ಪರೀಕ್ಷಿಸಬಲ್ಲವರ ನೆರವು ಬೇಕು. ಅವರ ಬಳಿ ಹೋಗುವಾಗ ಲಾಗರಿದಮ್ ಅಕ್ಷದ ಬೆಳವಣಿಗೆ ರೇಖೆ, ನಿಂತ ಕಲ್ಚರ್‌ನ ಪಿಎಚ್, ಫ್ಲಾಸ್ಕ್‌ನ ಗಾತ್ರ ಮತ್ತು ದ್ರವದ ಪ್ರಮಾಣ, ಮೀಡಿಯಂನ ಪ್ರತಿ ಘಟಕದ ತೂಕ ಮತ್ತು ತಯಾರಿಸಿದ ದಿನಾಂಕ, ದಾಸ್ತಾನಿನ ಪೂರ್ಣ ತಳಿ ಹೆಸರು, ಇಷ್ಟನ್ನು ಬರೆದು ಒಯ್ಯಿರಿ.